ಪುಟ್ಟ ಮಾದರಿಗಳಿಗೆ ಬಣ್ಣ: ಬ್ರಶ್ ಕೊಳ್ಳುವ ಮುನ್ನ ತಾಯಂದಿರು ತಿಳಿದಿರಬೇಕಾದದ್ದು

ರಜೆ ಬಂತೆಂದರೆ ತಾಯಂದಿರಿಗೆ ಒಂದೇ ಚಿಂತೆ. ಮಕ್ಕಳ ಕೈಗೆ ಮೊಬೈಲ್ ಕೊಡದಿದ್ದರೆ ಮನೆಯಲ್ಲಿ ಜಗಳ, ಕೊಟ್ಟರೆ ಕಣ್ಣಿಗೂ ಮನಸ್ಸಿಗೂ ಕೇಡು. "ಬೇರೇನು ಮಾಡಲಿ, ಅಮ್ಮಿ?" ಎಂದು ಮಗ ಅಥವಾ ಮಗಳು ಕೇಳಿದಾಗ ಎಷ್ಟು ಮಂದಿಯ ಬಳಿ ಉತ್ತರವಿದೆ? ಬೇಡ ಎನ್ನುವುದು ಸುಲಭ. ಬೇಡವೆಂದದ್ದರ ಬದಲಿಗೆ ಇನ್ನೊಂದನ್ನು ಕೈಗೆ ಕೊಡುವುದು ಕಷ್ಟ.

ಹಾಗೆ ಕೈಗೆ ಕೊಡಬಹುದಾದ ಒಂದು ಹವ್ಯಾಸ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುವುದು. ಪುಟ್ಟ ಮನೆ, ಮಸೀದಿ, ಮರ, ದೋಣಿ, ರೈಲು, ಕೋಟೆ, ಗೊಂಬೆ ಹೀಗೆ ಹಲವು ಬಗೆ. ಇದಕ್ಕೆ ದೊಡ್ಡ ಜಾಗ ಬೇಡ. ಊಟದ ಮೇಜಿನ ಒಂದು ಮೂಲೆ, ಒಳ್ಳೆಯ ಬೆಳಕು, ಒಂದು ಲೋಟ ನೀರು ಸಾಕು. ಆದರೆ ಅಂಗಡಿಗೆ ಹೋದರೆ ಬಣ್ಣಗಳೂ ಬ್ರಶ್‌ಗಳೂ ನೂರೆಂಟು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು ಎಂಬುದು ತಿಳಿಯದೆ ಹಣ ಪೋಲಾಗುವುದೇ ಹೆಚ್ಚು. ಹಣದ ಮಾತು ಮಾತ್ರವಲ್ಲ, ಮಕ್ಕಳ ಆರೋಗ್ಯ ಮತ್ತು ನಮ್ಮ ಮನೆಯ ಶುದ್ಧಿಯ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಎಲ್ಲಿಂದ ಬಂತು ಈ ಹವ್ಯಾಸ?

18ನೇ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಕುಶಲಕರ್ಮಿಗಳು ತವರವನ್ನು ಅಚ್ಚಿಗೆ ಹೊಯ್ದು ಪುಟ್ಟ ಸಿಪಾಯಿ ಗೊಂಬೆಗಳನ್ನು ಮಾಡುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪೆನಿಯು ಒಳಗೆ ಟೊಳ್ಳಾಗಿರುವ ಸೀಸದ ಗೊಂಬೆಗಳನ್ನು ತಂದಿತು. ಲೋಹ ಕಡಿಮೆ ಬೇಕಾದ್ದರಿಂದ ಬೆಲೆಯೂ ಇಳಿಯಿತು. 1975ರಲ್ಲಿ ಲಂಡನ್‌ನಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪೆನಿಯ ಮೂಲಕ ಇದು ಜಗತ್ತಿನ ಹಲವೆಡೆ ಯುವಕರ ದೊಡ್ಡ ಹವ್ಯಾಸವಾಯಿತು. ಈ ಗೊಂಬೆಗಳ ಎತ್ತರ ಸಾಮಾನ್ಯವಾಗಿ 28ರಿಂದ 32 ಮಿಲಿಮೀಟರ್. ಅಂದರೆ ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೇ. ವಿಮಾನ, ವಾಹನ, ಕಟ್ಟಡಗಳ ಮಾದರಿಗಳಲ್ಲಿ 1:72 ಎಂಬ ಅಳತೆ ಪ್ರಸಿದ್ಧ. ಆ ಲೆಕ್ಕದಲ್ಲಿ ಹತ್ತು ಅಡಿಯ ಗೋಡೆ ನಾಲ್ಕು ಸೆಂಟಿಮೀಟರ್‌ನಷ್ಟಾಗುತ್ತದೆ.

ನಮ್ಮ ಚನ್ನಪಟ್ಟಣದ ಗೊಂಬೆಗಳಿಗೂ ಬಣ್ಣವಿದೆ. ಆದರೆ ಅಲ್ಲಿ ಬ್ರಶ್‌ಗೆ ಹೆಚ್ಚು ಕೆಲಸವಿಲ್ಲ. ತಿರುಗಣಿಯಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣ ಬೆರೆತ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಇಲ್ಲಿ ನಾವು ಹೇಳುತ್ತಿರುವುದು ಕೈಯಿಂದ, ಮೊನೆಯಿಂದ, ತಾಳ್ಮೆಯಿಂದ ಮಾಡುವ ಕೆಲಸ.

ಏನಕ್ಕೆ ಬಣ್ಣ ಹಚ್ಚಬೇಕು?

ಧರ್ಮನಿಷ್ಠ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯೇ ಇದು. ಜೀವಿಗಳ ರೂಪಗಳನ್ನು ಮಾಡುವ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಚಿತ್ರ ಮಾಡಿ ಬದುಕುತ್ತಿದ್ದ ಒಬ್ಬನು ಇಬ್ನು ಅಬ್ಬಾಸ್(ರ)ರ ಬಳಿ ಬಂದಾಗ, ಮಾಡಲೇಬೇಕೆಂದಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಮಾಡು ಎಂದು ಅವರು ಸಲಹೆಯಿತ್ತರೆಂದು ಬುಖಾರಿಯಲ್ಲಿ ವರದಿಯಾಗಿದೆ. ಇನ್ನೊಂದೆಡೆ ಹ. ಆಯಿಶಾ(ರ)ರು ಎಳೆ ವಯಸ್ಸಿನಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದರು, ಅವರ ಆಟಿಕೆಗಳಲ್ಲಿ ರೆಕ್ಕೆಯಿದ್ದ ಒಂದು ಕುದುರೆಯೂ ಇತ್ತು, ಪ್ರವಾದಿ(ಸ)ರು ಅದನ್ನು ಕಂಡು ನಕ್ಕರು ಎಂಬ ವರದಿಯೂ ಇದೆ. ಇದರ ಆಧಾರದಲ್ಲಿ ಮಕ್ಕಳ ಆಟಿಕೆಗಳಿಗೆ ವಿನಾಯಿತಿ ನೀಡಿದ ವಿದ್ವಾಂಸರಿದ್ದಾರೆ, ಅದನ್ನು ಒಪ್ಪದವರೂ ಇದ್ದಾರೆ. ನಿಮ್ಮ ಮನೆಯವರು ನಂಬಿ ಅನುಸರಿಸುವ ವಿದ್ವಾಂಸರನ್ನು ಕೇಳಿ ತೀರ್ಮಾನಿಸುವುದೇ ಸರಿಯಾದ ದಾರಿ.

ಆದರೆ ಒಂದು ಮಾತು. ಈ ಭಿನ್ನಾಭಿಪ್ರಾಯಕ್ಕಾಗಿ ಇಡೀ ಹವ್ಯಾಸವನ್ನೇ ಬಿಡಬೇಕಾಗಿಲ್ಲ. ಮನೆ, ಬಾವಿ, ಸೇತುವೆ, ಮಿನಾರ, ತಾಳೆಮರ, ಹಡಗು, ಲಾರಿ ಇವುಗಳಲ್ಲಿ ಯಾವ ವಿವಾದವೂ ಇಲ್ಲ. ಕಲಿಯುವವರಿಗೂ ಇವೇ ಸುಲಭ. ಮುಖದ ಕಣ್ಣು ಒಂದು ಕೂದಲಿನಷ್ಟು ಸರಿದರೂ ಗೊಂಬೆ ಕೆಟ್ಟುಹೋಗುತ್ತದೆ. ಕಲ್ಲಿನ ಗೋಡೆಯಲ್ಲಿ ಬಣ್ಣ ಸರಿದರೆ ಅದು ಹಳೆಯ ಗೋಡೆಯಂತೆ ಇನ್ನೂ ಚೆನ್ನಾಗಿ ಕಾಣುತ್ತದೆ! ಈ ಲೇಖನದಲ್ಲಿ ಹೇಳಿದ ಬಣ್ಣ ಮತ್ತು ಬ್ರಶ್‌ಗಳ ವಿಚಾರ ಎರಡಕ್ಕೂ ಒಂದೇ.

ಯಾವ ಬಣ್ಣ?

ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಬಣ್ಣ ಸಿಗುತ್ತದೆ.

ಮೊದಲನೆಯದು ಪೋಸ್ಟರ್ ಕಲರ್. ಶಾಲೆಯ ಚಿತ್ರಕಲೆಗೆ ತಂದದ್ದು ಮನೆಯಲ್ಲಿ ಇರುತ್ತದೆಂದು ಅದನ್ನೇ ಕೊಡಬೇಡಿ. ಅದು ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಒಂದು ಪದರದ ಮೇಲೆ ಇನ್ನೊಂದನ್ನು ಹಚ್ಚಿದರೆ ಕೆಳಗಿನದು ಎದ್ದುಬಂದು ಕೆಸರಿನಂತಾಗುತ್ತದೆ. ಪ್ಲಾಸ್ಟಿಕ್ಕಿನ ಮೇಲಂತೂ ಉಗುರು ತಾಗಿದರೆ ಸಿಪ್ಪೆಯೇಳುತ್ತದೆ.

ಎರಡನೆಯದು ಎನಾಮೆಲ್. ಗಟ್ಟಿಮುಟ್ಟಾದ ಬಣ್ಣ, ನಿಜ. ಆದರೆ ತೆಳುವಾಗಿಸಲು ಮತ್ತು ಬ್ರಶ್ ತೊಳೆಯಲು ತಿನ್ನರ್ ಅಥವಾ ಟರ್ಪೆಂಟೈನ್ ಬೇಕು. ಅದರ ಆವಿ ಮುಚ್ಚಿದ ಕೋಣೆಯಲ್ಲಿ ತಲೆಸುತ್ತು ತರಿಸುತ್ತದೆ. ಒಂದು ಪದರ ಪೂರ್ತಿ ಒಣಗಲು ಗಂಟೆಗಟ್ಟಲೆ ಕಾಯಬೇಕು. ಮಕ್ಕಳಿರುವ ಮನೆಗೆ ಇದು ಬೇಡ.

ಮೂರನೆಯದು ಅಕ್ರಿಲಿಕ್. ಆರಂಭಿಸುವವರಿಗೆ ಇದೇ ತಕ್ಕದ್ದು. ನೀರಿನಲ್ಲಿ ಬೆರೆಯುತ್ತದೆ, ತೆಳುವಾಗಿ ಹಚ್ಚಿದರೆ ಬೇಗ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಸ್ಪೇನಿನ ವಲ್ಲೆಹೊ, ಇಂಗ್ಲೆಂಡಿನ ಸಿಟಾಡೆಲ್, ಡೆನ್ಮಾರ್ಕಿನ ಆರ್ಮಿ ಪೇಂಟರ್ ಮುಂತಾದವರು ಈ ಕೆಲಸಕ್ಕೆಂದೇ ಬಣ್ಣ ತಯಾರಿಸುತ್ತಾರೆ. ಅವುಗಳಲ್ಲಿ ಬಣ್ಣದ ಪುಡಿ ಬಹಳ ನುಣ್ಣಗಿರುವುದರಿಂದ ತೆಳು ಪದರದಲ್ಲೂ ಚೆನ್ನಾಗಿ ಮುಚ್ಚುತ್ತದೆ. ಆದರೆ ಪುಟ್ಟ ಬಾಟಲಿಗೂ ಬೆಲೆ ಹೆಚ್ಚು. ಮೊದಲ ದಿನವೇ ಅವುಗಳ ಹಿಂದೆ ಹೋಗಬೇಕಾಗಿಲ್ಲ. ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್ ಬಣ್ಣಗಳಲ್ಲೂ ಕಲಿಯಬಹುದು. ಅವು ತುಸು ದಪ್ಪ, ಅದಕ್ಕೆ ನೀರು ಬೆರೆಸಿ ಎರಡು ಮೂರು ಪದರ ಹಚ್ಚಬೇಕಾಗುತ್ತದೆ, ಅಷ್ಟೇ.

ಇಪ್ಪತ್ನಾಲ್ಕು ಬಣ್ಣಗಳ ದೊಡ್ಡ ಪೆಟ್ಟಿಗೆಯ ಆಸೆಗೆ ಬೀಳಬೇಡಿ. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ, ಕಂದು ಈ ಆರು ಸಾಕು. ಬೇಕೆಂದರೆ ಒಂದು ಬೆಳ್ಳಿ ಬಣ್ಣ. ಹಳದಿ ಮತ್ತು ನೀಲಿ ಸೇರಿದರೆ ಹಸಿರು, ಅದಕ್ಕೆ ಚಿಟಿಕೆ ಕಂದು ಸೇರಿಸಿದರೆ ನಿಜವಾದ ಎಲೆಯ ಹಸಿರು. ಕೆಂಪಿಗೆ ಕಂದು ಮತ್ತು ತುಸು ಹಳದಿ ಸೇರಿದರೆ ಹಂಚಿನ ಬಣ್ಣ. ಬೆರೆಸುವುದನ್ನು ಕಲಿತ ಮಗು ಬಣ್ಣವನ್ನು ನಿಜವಾಗಿ ನೋಡಲು ಕಲಿಯುತ್ತದೆ. ದುಂದುಗಾರಿಕೆ ಇಸ್ಲಾಮ್ ಮೆಚ್ಚದ ಗುಣ ಎಂಬ ಪಾಠವೂ ಅದರೊಂದಿಗೆ ಸಿಗುತ್ತದೆ.

ಸೀಸದ ಬಗ್ಗೆ ಎಚ್ಚರ

ಅಟ್ಟದ ಮೇಲೆ ಬಾಗಿಲಿಗೆ ಹಚ್ಚಿ ಉಳಿದ ಹಳೆಯ ಪೇಂಟ್ ಡಬ್ಬಿ ಇರುತ್ತದೆ. ಅದನ್ನು ಮಕ್ಕಳಿಗೆ ಕೊಡಲೇಬೇಡಿ. ನಮ್ಮ ದೇಶದಲ್ಲಿ ಮನೆ ಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಪಾಲಿನಲ್ಲಿ 90 ಪಾಲನ್ನು ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಡಬ್ಬಿಗೆ ಈ ಭರವಸೆ ಇಲ್ಲ. ಸೀಸವು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎನ್ನಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2007ರಲ್ಲಿ ಹೆಸರಾಂತ ಮ್ಯಾಟೆಲ್ ಕಂಪೆನಿಯೇ ಬಣ್ಣದಲ್ಲಿ ಸೀಸವಿದ್ದ ಕಾರಣಕ್ಕೆ ಲಕ್ಷಾಂತರ ಆಟಿಕೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು.

ಬಾಟಲಿಯ ಮೇಲೆ 'ನಾನ್ ಟಾಕ್ಸಿಕ್' ಎಂಬ ಬರಹ ಇದೆಯೇ ನೋಡಿ. 'ಕ್ಯಾಡ್ಮಿಯಂ' ಎಂಬ ಹೆಸರಿನ ಕೆಂಪು, ಹಳದಿ ಬಣ್ಣಗಳನ್ನು ಮಕ್ಕಳಿಗೆ ಕೊಳ್ಳಬೇಡಿ. ಹಳೆಯ ಲೋಹದ ಗೊಂಬೆಗಳನ್ನು ಯಾರಾದರೂ ಉಡುಗೊರೆ ಕೊಟ್ಟರೆ ಅದರಲ್ಲಿ ಸೀಸ ಇರುವ ಸಾಧ್ಯತೆಯಿದೆ. ಅದನ್ನು ಮಕ್ಕಳು ಉಜ್ಜಿ ಪುಡಿ ಮಾಡಬಾರದು. 2021ರ ಜನವರಿಯಿಂದ ನಮ್ಮಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಬಣ್ಣ ಹಚ್ಚಲು ಬೀದಿಬದಿಯ ಆಟಿಕೆ ಕೊಳ್ಳುವಾಗಲೂ ಈ ಗುರುತನ್ನು ಹುಡುಕಿ.

ಯಾವ ಬ್ರಶ್?

ಪುಟ್ಟ ಕೆಲಸಕ್ಕೆ ಅತಿ ಪುಟ್ಟ ಬ್ರಶ್ ಬೇಕೆಂದು ಎಲ್ಲರೂ ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ. ಮೂರು ಸೊನ್ನೆ, ಐದು ಸೊನ್ನೆಯ ಬ್ರಶ್‌ನಲ್ಲಿ ನಿಲ್ಲುವ ಬಣ್ಣ ಒಂದು ಹನಿಗಿಂತ ಕಡಿಮೆ. ಬ್ರಶ್ ಮಾದರಿಯನ್ನು ಮುಟ್ಟುವ ಮೊದಲೇ ಅದು ತುದಿಯಲ್ಲಿ ಒಣಗಿಬಿಡುತ್ತದೆ. ಬೇಕಾದದ್ದು ಸಣ್ಣ ಬ್ರಶ್ ಅಲ್ಲ, ಮೊನೆಯಿರುವ ಬ್ರಶ್. 1 ಅಥವಾ 2ನೇ ನಂಬರಿನ ದುಂಡು ಬ್ರಶ್‌ನ ಹೊಟ್ಟೆಯಲ್ಲಿ ಬಣ್ಣ ನಿಲ್ಲುತ್ತದೆ, ಮೊನೆಯಿಂದ ಸೂಜಿಯಂತೆ ಗೆರೆ ಬರುತ್ತದೆ.

ಹಾಗಾದರೆ ಆರಂಭಕ್ಕೆ ಮೂರೇ ಬ್ರಶ್: 2ನೇ ನಂಬರಿನ ದುಂಡು ಬ್ರಶ್ ಒಂದು, ಸೊನ್ನೆ ನಂಬರಿನದ್ದು ಒಂದು, ಒಣ ಬಣ್ಣ ಉಜ್ಜಲು ಅಗಲವಾದ ಅಗ್ಗದ ಬ್ರಶ್ ಒಂದು. ಕೊಳ್ಳುವಾಗ ಅಂಗಡಿಯವರಲ್ಲಿ ಒಂದು ಲೋಟ ನೀರು ಕೇಳಿ. ಬ್ರಶ್ ಅದ್ದಿ, ಒಮ್ಮೆ ಕೊಡವಿ ನೋಡಿ. ಕೂದಲೆಲ್ಲ ಒಂದಾಗಿ ಮೊನೆಯಾದರೆ ಅದು ಒಳ್ಳೆಯದು. ಎರಡು ಕವಲಾದರೆ, ಒಂದೆರಡು ಕೂದಲು ಪಕ್ಕಕ್ಕೆ ಚಾಚಿದರೆ ಅಲ್ಲಿಯೇ ಬಿಟ್ಟುಬಿಡಿ.

ಬ್ರಶ್‌ನ ಕೂದಲು ಯಾವುದು?

ಸೋದರಿಯರೇ, ನಮ್ಮಲ್ಲಿ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ ಇದು. ಗಡುಸಾದ ಬಿಳಿ ಕೂದಲಿನ ಬ್ರಶ್‌ಗಳಲ್ಲಿ ಹಲವು ಹಂದಿಯ ಕೂದಲಿನಿಂದ ಆದವು. ತೈಲವರ್ಣದ ಬ್ರಶ್, ಗೋಡೆಗೆ ಹಚ್ಚುವ ಬ್ರಶ್ ಮಾತ್ರವಲ್ಲ, ಬೇಕರಿಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವ ಬ್ರಶ್‌ಗಳಲ್ಲೂ ಇದರ ಬಳಕೆಯಿದೆ. 'ಹಾಗ್', 'ಬೋರ್', 'ಚೈನಾ ಬ್ರಿಸಲ್', 'ಪ್ಯೂರ್ ಬ್ರಿಸಲ್' ಎಂದು ಹಿಡಿಯ ಮೇಲೆ ಬರೆದಿದ್ದರೆ ಅದು ಹಂದಿಯ ಕೂದಲೆಂದು ತಿಳಿಯಿರಿ. ಮಲೇಶ್ಯದಲ್ಲಿ ಹಂದಿಯ ಭಾಗಗಳಿಂದ ಮಾಡಿದ ವಸ್ತುಗಳನ್ನು ಗುರುತು ಹಾಕಿ ಬೇರೆಯಾಗಿಟ್ಟು ಮಾರಬೇಕೆಂಬ ಆದೇಶ 2013ರಲ್ಲಿ ಬಂತು. 2017ರ ಫೆಬ್ರವರಿಯಲ್ಲಿ ಅಲ್ಲಿನ ಅಧಿಕಾರಿಗಳು ಅಂಗಡಿಗಳಿಗೆ ದಾಳಿ ಮಾಡಿ ಗುರುತಿಲ್ಲದ ಬ್ರಶ್‌ಗಳನ್ನು ವಶಪಡಿಸಿಕೊಂಡರು.

ಮೃದು ಕೂದಲಿನ ದುಬಾರಿ ಬ್ರಶ್‌ಗಳ ಕಥೆ ಬೇರೆ. 'ಕೊಲಿನ್ಸ್ಕಿ' ಎಂದು ಹೆಸರಾದ ಬ್ರಶ್‌ಗಳು ಸೈಬೀರಿಯದ ವೀಸಲ್ ಎಂಬ, ಮುಂಗುಸಿಯಂತೆ ಕಾಣುವ ಪ್ರಾಣಿಯ ಬಾಲದ ಕೂದಲಿನಿಂದ ಆಗುತ್ತವೆ. ಮೊನೆಯ ವಿಚಾರದಲ್ಲಿ ಇವಕ್ಕೆ ಸಾಟಿಯಿಲ್ಲ ಎನ್ನುತ್ತಾರೆ. 'ಕ್ಯಾಮೆಲ್ ಹೇರ್' ಎಂದು ಮಾರುವ ಬ್ರಶ್‌ನಲ್ಲಿ ಒಂಟೆಯ ಕೂದಲು ಇರುವುದಿಲ್ಲ. ಅದು ಅಳಿಲು, ಕುದುರೆ ಅಥವಾ ಮೇಕೆಯದ್ದು. ಇನ್ನು ಮುಂಗುಸಿ ಕೂದಲಿನ ಬ್ರಶ್ ನಮ್ಮ ದೇಶದಲ್ಲಿ ಅಪರಾಧವೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಂಗುಸಿ ರಕ್ಷಿತ ಪ್ರಾಣಿ. 2019ರ ಅಕ್ಟೋಬರ್‌ನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳವು 'ಆಪರೇಶನ್ ಕ್ಲೀನ್ ಆರ್ಟ್' ಎಂಬ ಹೆಸರಿನಲ್ಲಿ ದೇಶದ ಹಲವೆಡೆ ದಾಳಿ ನಡೆಸಿ ಇಂತಹ ಬ್ರಶ್‌ಗಳನ್ನು ಹಿಡಿಯಿತು. ಒಂದು ಬ್ರಶ್‌ಗಾಗಿ ಮೂಕ ಪ್ರಾಣಿಯನ್ನು ಕೊಲ್ಲುವುದು ಯಾವ ಕಲೆ?

ಹಂದಿಯ ಕೂದಲು ಅಶುದ್ಧವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇತರ ಪ್ರಾಣಿಗಳ ಕೂದಲಿನ ಬಗ್ಗೆ ಮದ್‌ಹಬ್‌ಗಳಲ್ಲಿ ಬೇರೆ ಬೇರೆ ವಿವರಣೆಗಳಿವೆ. ಈ ಎಲ್ಲ ಸಂಶಯಗಳಿಂದ ಪಾರಾಗುವ ಸುಲಭ ದಾರಿ ನೈಲಾನ್ ಅಥವಾ 'ಸಿಂಥೆಟಿಕ್' ಬ್ರಶ್. 'ಟ್ಯಾಕ್ಲಾನ್' ಎಂದರೂ ಅದೇ. ಬೆಲೆ ಕಡಿಮೆ, ಅಕ್ರಿಲಿಕ್‌ಗೆ ಚೆನ್ನಾಗಿ ಹೊಂದುತ್ತದೆ, ತೊಳೆಯುವುದೂ ಸುಲಭ. ಒಂದೇ ಕೊರತೆ, ಕೆಲವು ತಿಂಗಳಲ್ಲಿ ಮೊನೆ ಕೊಕ್ಕೆಯಂತೆ ಬಾಗುತ್ತದೆ. ಆಗ ಅದನ್ನು ಬಣ್ಣ ಬೆರೆಸಲು ಇಟ್ಟುಕೊಂಡು ಹೊಸದನ್ನು ತನ್ನಿ.

ಮನೆಯಲ್ಲಿ ಈಗಾಗಲೇ ಇರುವ ಬ್ರಶ್‌ನ ಬಗ್ಗೆ ಸಂಶಯವೇ? ಒಂದೇ ಒಂದು ಕೂದಲನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು, ನೀವೇ ಬೆಂಕಿಗೆ ಒಡ್ಡಿ ನೋಡಿ. ಸುಟ್ಟ ಕೂದಲಿನ ವಾಸನೆ ಬಂದು ಪುಡಿಯಾದರೆ ಅದು ಪ್ರಾಣಿಯದ್ದು. ಕರಗಿ ಗಟ್ಟಿ ಮಣಿಯಂತಾದರೆ ನೈಲಾನ್. ಯಾವ ಪ್ರಾಣಿಯದ್ದೆಂದು ಈ ಪರೀಕ್ಷೆ ಹೇಳುವುದಿಲ್ಲ. ಅಡುಗೆಮನೆಯ ಬ್ರಶ್‌ಗೂ ಇದೇ ಪರೀಕ್ಷೆ ಮಾಡಬಹುದು.

ಬ್ರಶ್ ಬಾಯಿಗೆ ಬೇಡ

ಮೊನೆ ಮಾಡಲು ಬ್ರಶ್ಶನ್ನು ತುಟಿಯ ನಡುವೆ ಎಳೆಯುವ ಅಭ್ಯಾಸ ಬಹಳ ಹಳೆಯದು. ನೂರು ವರ್ಷಗಳ ಹಿಂದೆ ಇದೇ ಅಭ್ಯಾಸ ಅನೇಕ ಹೆಣ್ಣುಮಕ್ಕಳ ಜೀವ ತೆಗೆಯಿತು. 1917ರಿಂದ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳಿಗೆ ಯುವತಿಯರು ಬಣ್ಣ ಹಚ್ಚುತ್ತಿದ್ದರು. ಅಂಕಿಗಳು ಅತಿ ಸಣ್ಣವು. ಬ್ರಶ್ಶನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಿ ಎಂದು ಅವರಿಗೆ ಕಲಿಸಲಾಗಿತ್ತು. ಆ ಬಣ್ಣದಲ್ಲಿ ಇದ್ದದ್ದು ರೇಡಿಯಂ. ಕೆಲವೇ ವರ್ಷಗಳಲ್ಲಿ ಅವರ ಹಲ್ಲುಗಳು ಉದುರಿದವು, ದವಡೆಯ ಎಲುಬು ಕೊಳೆಯಿತು, ಒಬ್ಬೊಬ್ಬರಾಗಿ ಸತ್ತರು. ಗ್ರೇಸ್ ಫ್ರೈಯರ್ ಎಂಬಾಕೆ ಮತ್ತು ಇನ್ನು ನಾಲ್ವರು 1927ರಲ್ಲಿ ಕಂಪೆನಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 1928ರಲ್ಲಿ ಅವರಿಗೆ ಪರಿಹಾರ ಸಿಕ್ಕಿತು, ಆರೋಗ್ಯ ಸಿಗಲಿಲ್ಲ.

ಇಂದಿನ ಅಕ್ರಿಲಿಕ್‌ನಲ್ಲಿ ರೇಡಿಯಂ ಇಲ್ಲ. ಆದರೂ 'ನಾನ್ ಟಾಕ್ಸಿಕ್' ಎಂದರೆ ತಿನ್ನಬಹುದು ಎಂದರ್ಥವಲ್ಲ. ಮೊನೆ ಮಾಡಲು ಒದ್ದೆ ಟಿಶ್ಯೂ ಸಾಕು. ಬ್ರಶ್ಶನ್ನು ಅದರ ಮೇಲೆ ತಿರುಗಿಸುತ್ತಾ ಎಳೆದರೆ ಮೊನೆ ತಾನಾಗಿ ಬರುತ್ತದೆ. ಈ ಶಿಸ್ತನ್ನು ಮೊದಲ ದಿನವೇ ಕಲಿಸಿ. ಬ್ರಶ್ ತೊಳೆಯುವ ಲೋಟವನ್ನೂ ಕುಡಿಯುವ ಲೋಟದಿಂದ ಬೇರೆಯಾಗಿಡಿ.

ಮೊದಲ ಮಾದರಿ

ಪ್ಲಾಸ್ಟಿಕ್ ಮಾದರಿಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ತೆಗೆಯಲು ಹಚ್ಚಿದ ಎಣ್ಣೆಯ ಅಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ನಂತರ ಪ್ರೈಮರ್ ಹಚ್ಚಿ. ಇದು ಗೋಡೆಗೆ ಸುಣ್ಣದ ಮೊದಲ ಪದರದಂತೆ, ಮೇಲಿನ ಬಣ್ಣವನ್ನು ಹಿಡಿದಿಡುತ್ತದೆ. ಸ್ಪ್ರೇ ಡಬ್ಬಿಯಾದರೆ ದೊಡ್ಡವರೇ ಅಂಗಳದಲ್ಲಿ, ಮಾಸ್ಕ್ ಧರಿಸಿ ಸಿಂಪಡಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ತೇವ ಗಾಳಿಯಲ್ಲಿ ಸ್ಪ್ರೇ ಮಂಜು ಕವಿದಂತೆ ಬಿಳಿಚಿಕೊಳ್ಳುತ್ತದೆ. ಆಗ ಬ್ರಶ್‌ನಿಂದ ಹಚ್ಚುವ ಪ್ರೈಮರ್ ಒಳ್ಳೆಯದು.

ಬಣ್ಣವನ್ನು ಹಾಲಿನಷ್ಟು ತೆಳು ಮಾಡಿಕೊಳ್ಳಿ. ದಪ್ಪವಾಗಿ ಒಮ್ಮೆ ಹಚ್ಚುವುದಕ್ಕಿಂತ ತೆಳುವಾಗಿ ಎರಡು ಸಲ ಹಚ್ಚುವುದು ಉತ್ತಮ. ದಪ್ಪ ಬಣ್ಣ ಇಟ್ಟಿಗೆಯ ಗೆರೆಗಳನ್ನೇ ಮುಚ್ಚಿಬಿಡುತ್ತದೆ. ನೀರು ಅತಿಯಾದರೆ ಬಣ್ಣ ಅಲ್ಲಲ್ಲಿ ಕೂಡಿ ಕಲೆಗಟ್ಟುತ್ತದೆ. ಮೊದಲ ಪದರ ಒಣಗಿದ ಮೇಲೆಯೇ ಎರಡನೆಯದು.

ನಂತರ ಕಂದು ಅಥವಾ ಕಪ್ಪನ್ನು ತುಂಬ ತೆಳುವಾಗಿಸಿ ಮಾದರಿಯ ಮೇಲೆ ಹರಿಯಬಿಡಿ. ಅದು ಸಂದುಗಳಲ್ಲಿ ನಿಂತು ನೆರಳಿನಂತೆ ಕಾಣುತ್ತದೆ. ಒಣಗಿದ ಮೇಲೆ ಅಗಲ ಬ್ರಶ್‌ಗೆ ತಿಳಿ ಬಣ್ಣ ತಾಗಿಸಿ, ಬಟ್ಟೆಗೆ ಉಜ್ಜಿ, ಬ್ರಶ್ ಬಹುತೇಕ ಒಣಗಿದ ಮೇಲೆ ಮಾದರಿಯ ಮೇಲೆ ಹಗುರವಾಗಿ ಆಡಿಸಿ. ಉಬ್ಬಿದ ಕಡೆಗಳಲ್ಲಿ ಮಾತ್ರ ಬಣ್ಣ ಹಿಡಿದು ಕಲ್ಲು ಕಲ್ಲಾಗಿ ಎದ್ದು ಕಾಣುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಶ್‌ನ ಒಂದು ಪದರ.

ನಮ್ಮ ಬೇಸಿಗೆಯ ಸೆಖೆಗೆ ತಟ್ಟೆಯಲ್ಲಿನ ಬಣ್ಣ ಬೇಗ ಒಣಗುತ್ತದೆ. ಹಳೆಯ ಟಿಫಿನ್ ಡಬ್ಬಿಯೊಳಗೆ ಒದ್ದೆ ಸ್ಪಂಜು ಹಾಸಿ, ಮೇಲೆ ಮೇಣವಿಲ್ಲದ ಬೇಕಿಂಗ್ ಪೇಪರ್ ಇಟ್ಟು ಅದರಲ್ಲಿ ಬಣ್ಣ ಬೆರೆಸಿ. ಮುಚ್ಚಳ ಹಾಕಿಟ್ಟರೆ ಮರುದಿನವೂ ಬಣ್ಣ ಹಸಿಯಾಗಿರುತ್ತದೆ.

ಕೆಲಸದ ನಂತರ

ಬ್ರಶ್ಶನ್ನು ಲೋಹದ ಪಟ್ಟಿಯವರೆಗೆ ಬಣ್ಣದಲ್ಲಿ ಮುಳುಗಿಸಬಾರದು. ಅಲ್ಲಿ ಬಣ್ಣ ಒಣಗಿದರೆ ಕೂದಲು ಹರಡಿಕೊಳ್ಳುತ್ತದೆ, ಬ್ರಶ್‌ನ ಆಯುಸ್ಸು ಮುಗಿಯುತ್ತದೆ. ತಣ್ಣೀರಿನಲ್ಲಿ ತೊಳೆದು, ಸ್ವಲ್ಪ ಸೋಪಿನಲ್ಲಿ ಆಡಿಸಿ, ಮೊನೆ ಸರಿಮಾಡಿ ಮಲಗಿಸಿ ಒಣಗಿಸಿ. ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಮರೆತರೆ ಮೊನೆ ಬಾಗಿಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಒಣಗಿದ ಅಕ್ರಿಲಿಕ್ ಚರ್ಮದ ಮೇಲೆ ಪ್ಲಾಸ್ಟಿಕ್ಕಿನಂತೆ ಪದರವಾಗುತ್ತದೆ. ಅದರಡಿಗೆ ನೀರು ತಲುಪುವುದಿಲ್ಲ. ಉಗುರು, ಬೆರಳ ಸಂದುಗಳಲ್ಲಿ ಬಣ್ಣ ಉಳಿದರೆ ವುಝೂ ಪೂರ್ಣವಾಗದು. ಬಣ್ಣ ಹಸಿಯಾಗಿರುವಾಗಲೇ ಕೈ ತೊಳೆಯಲು ಮಕ್ಕಳಿಗೆ ಹೇಳಿ. ಒಣಗಿದ್ದರೆ ಬಿಸಿನೀರು, ಸೋಪಿನಿಂದ ನೆನೆಸಿ ಉಜ್ಜಿ ತೆಗೆಯಬೇಕು. ಅಸ್ರ್ ಅಝಾನಿಗೆ ಕಾಲು ಗಂಟೆ ಮೊದಲು ಬ್ರಶ್ ಕೆಳಗಿಡುವ ರೂಢಿ ಮಾಡಿದರೆ ಬ್ರಶ್ ತೊಳೆಯಲೂ ಕೈ ತೊಳೆಯಲೂ ಸಮಯ ಸಿಗುತ್ತದೆ.

ಮೂರು ವರ್ಷಕ್ಕಿಂತ ಕಿರಿಯ ಮಕ್ಕಳಿರುವ ಮನೆಯಲ್ಲಿ ಮಾದರಿಗಳನ್ನು ಎತ್ತರದಲ್ಲಿಡಿ. ಪುಟ್ಟ ತುಂಡುಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಆರು ಬಣ್ಣ, ಮೂರು ನೈಲಾನ್ ಬ್ರಶ್, ಒಂದು ಪ್ರೈಮರ್, ಒಂದು ಹಳೆಯ ಡಬ್ಬಿ. ಪಟ್ಟಿ ಇಷ್ಟೇ. ಮಗುವಿನ ಜೊತೆ ನೀವೂ ಕುಳಿತುಕೊಳ್ಳಿ. ಮಗನಿಗೆ ಮಾತ್ರವಲ್ಲ ಮಗಳಿಗೂ, ಮದುವೆಯಾಗಿ ಬಂದ ಸೊಸೆಗೂ ಒಂದು ಬ್ರಶ್ ಕೊಡಿ. ಒಂದೇ ಮೇಜಿನ ಸುತ್ತ ಕುಳಿತು ಕೈಗಳು ಕೆಲಸದಲ್ಲಿರುವಾಗ ಮಕ್ಕಳು ಶಾಲೆಯ ಮಾತು, ಗೆಳೆಯರ ಮಾತು, ಮನಸ್ಸಿನ ಭಯದ ಮಾತು ತಾವಾಗಿಯೇ ಆಡುತ್ತಾರೆ. ಆ ಮಾತುಗಳನ್ನು ಕೇಳಿಸಿಕೊಳ್ಳಲು ಈಗಲೇ ಸಮಯ ಮಾಡಿಕೊಳ್ಳಿ. ಅವರು ದೊಡ್ಡವರಾಗಿ ಹೊರಟುಹೋದ ಮೇಲೆ ಕೇಳಬೇಕೆಂದರೂ ಸಿಗುವುದಿಲ್ಲ.